ಹೊಳೆಯೋ ಪುಡಿ ನೀರಿನಲ್ಲಿರೋ ಸ್ಫೋಟಕ ಕೆಮಿಕಲ್‌ನ ಹೇಗೆ ಕಂಡುಹಿಡಿಯತ್ತೆ?

ಅಂಗಡೀಲಿ ನೋಟು ಅಸಲಿನಾ ಅಂತ ಯುವಿ ಲೈಟ್ ಕೆಳಗೆ ಹಿಡೀತಾರಲ್ಲ, ನಂಬರ್ ಹೊಳೆಯತ್ತೆ, ಈ ಪುಡಿನೂ ಹಾಗೇ ಹೊಳೆಯೋದು, ಆದ್ರೆ ಇಲ್ಲಿ ನೋಡ್ಬೇಕಾಗಿರೋದು ಹೊಳಪು ಕಮ್ಮಿ ಆಗೋದನ್ನ.

ಪುಡಿ ಅಂದ್ರೆ ಬಹಳ ಸಲ ಎಂಒಎಫ್, ಅಂದ್ರೆ ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್. ಲೋಹದ ಅಯಾನು (ಚಾರ್ಜ್ ಇರೋ ಪರಮಾಣು) ಗಂಟಿನ ಥರ, ಸಾವಯವ ಅಣು ಕೋಲಿನ ಥರ, ಎರಡೂ ಸೇರಿ ಚಪ್ಪರದ ಹಂದರದ ಥರ ಕಟ್ಕೊಳ್ಳತ್ತೆ, ಒಳಗೆಲ್ಲಾ ತೂತು, 1 ಗ್ರಾಂನಲ್ಲಿ 1000 ಚದರ ಮೀಟರ್‌ಗಿಂತ ಜಾಸ್ತಿ ಮೇಲ್ಮೈ ಇರೋವೂ ಇವೆ. 2025ರ ಕೆಮಿಸ್ಟ್ರಿ ನೊಬೆಲ್ ಇದಕ್ಕೇ ಬಂತು, ನಮ್ಮ ಬೆಂಗಳೂರಿನ ಜಕ್ಕೂರಲ್ಲಿರೋ ಸಂಶೋಧನಾ ಸಂಸ್ಥೆ ಜವಾಹರಲಾಲ್ ನೆಹರು ಸೆಂಟರ್‌ನಲ್ಲೂ ಇದರ ಮೇಲೆ ಕೆಲಸ ನಡೆಯತ್ತೆ.

ಪಿಕ್ರಿಕ್ ಆಸಿಡ್, ಟಿಎನ್‌ಟಿ ಎರಡೂ ಸ್ಫೋಟಕಗಳೇ, ಎರಡರಲ್ಲೂ ಮೂರು ಮೂರು ನೈಟ್ರೋ ಗುಂಪು (ಒಂದು ನೈಟ್ರೋಜನ್, ಎರಡು ಆಕ್ಸಿಜನ್ ಸೇರಿದ್ದು) ಇದೆ, ಅದಕ್ಕೇ ಆ ಅಣುಗಳಿಗೆ ಎಲೆಕ್ಟ್ರಾನ್ ಹಸಿವು ಜಾಸ್ತಿ. ಯುವಿ ಬಿದ್ದಾಗ ಹಂದರದ ಎಲೆಕ್ಟ್ರಾನ್ ಮೇಲಕ್ಕೆ ಹಾರತ್ತೆ, ವಾಪಸ್ ಇಳೀತಾ ಬೆಳಕು ಬಿಡ್ಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಬಂದು ಕೂತ ನೈಟ್ರೋ ಅಣು ಅದನ್ನ ಎಳ್ಕೊಂಡುಬಿಟ್ರೆ ಹೊಳಪು ಡಿಮ್. ಎಷ್ಟು ಡಿಮ್ ಆಯ್ತು ಅಂತ ಅಳೆದ್ರೆ ಕೆಮಿಕಲ್ ಎಷ್ಟಿದೆ ಅಂತ ಲೆಕ್ಕ ಸಿಗತ್ತೆ. ಹಂದರಕ್ಕೆ ಅಮೀನ್ ಅನ್ನೋ ನೈಟ್ರೋಜನ್ ಇರೋ ಗುಂಪು ಸೇರಿಸಿದ್ರೆ ಪಿಕ್ರಿಕ್ ಆಸಿಡ್ ಇನ್ನೂ ಚೆನ್ನಾಗಿ ಅಂಟ್ಕೊಳ್ಳತ್ತೆ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಪಿಕ್ರಿಕ್ ಆಸಿಡ್ ಕರಗಿದ ನೀರು ಹಳದಿ, ಆ ಬಣ್ಣನೇ ಯುವಿನ ಹೀರ್ಕೊಳ್ಳತ್ತೆ, ಹಾಗಾಗಿ ಪುಡಿಗೆ ಏನೂ ಆಗ್ದೇನೂ ಹೊಳಪು ಕಮ್ಮಿ ಕಾಣ್ಬಹುದು, ಈ ಕರೆಕ್ಷನ್ ಮಾಡದ ರಿಸಲ್ಟ್ ನಾನಂತೂ ನಂಬಲ್ಲ. ಕಬ್ಬಿಣದ ಅಯಾನು ಕೂಡ ಎಷ್ಟೋ ಎಂಒಎಫ್‌ಗಳ ಹೊಳಪು ಆರಿಸತ್ತೆ, ಅದಕ್ಕೇ ಲ್ಯಾಬಿನ ಶುದ್ಧ ನೀರಲ್ಲಿ ಟೆಸ್ಟ್ ಮಾಡಿದ್ರೆ ಸಾಲದು, ಬೋರ್‌ವೆಲ್ ನೀರಲ್ಲೂ ಮಾಡ್ಬೇಕು.