ಅಂಗಳದ ತಾಡಪಾಲಿನಲ್ಲಿ ನೀರು ನಿಲ್ಲದಿರಲು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಜಗಲಿಯ ಮುಂದೆ ಪ್ರತಿ ಮಳೆಗಾಲಕ್ಕೂ 15 ಅಡಿ ಉದ್ದ, 12 ಅಡಿ ಅಗಲದ ತಾಡಪಾಲು ಕಟ್ಟುತ್ತೇವೆ. ನಡುವೆ ನೀರು ನಿಂತು ಜೋತುಬೀಳುತ್ತದೆ. ಕಳೆದ ಆಷಾಢದ ಗಾಳಿಗೆ ಅಂಚಿನ ಎರಡು ರಿಂಗುಗಳೂ ಕಿತ್ತುಬಂದವು. ಇನ್ನೂ ದಪ್ಪನೆಯದನ್ನು ತರಬೇಕೇ?
— ಓದುಗರೊಬ್ಬರು

ಉತ್ತರ: ದಪ್ಪನೆಯದನ್ನು ತರುವ ಮೊದಲು ಕಟ್ಟುವ ಕ್ರಮವನ್ನು ಬದಲಿಸಿ ನೋಡಿ. ತಾಡಪಾಲು ಹರಿಯುವುದು ಸುರಿಯುವ ಮಳೆಗಿಂತ ಹೆಚ್ಚಾಗಿ ನಿಂತ ನೀರಿಗೆ. ಒಂದು ಚದರ ಮೀಟರಿನಷ್ಟು ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೂ ಅದರ ಭಾರ 100 ಕಿಲೋ, ಅಂದರೆ ಎರಡು ಮೂಟೆ ಸಿಮೆಂಟಿನಷ್ಟು; ಆ ಭಾರವೆಲ್ಲ ಅಂಚಿನ ರಿಂಗುಗಳನ್ನೇ ಜಗ್ಗುತ್ತದೆ. ಆದ್ದರಿಂದ ಮನೆಯ ಕಡೆಯ ಅಂಚು 9 ಅಡಿ ಎತ್ತರದಲ್ಲಿದ್ದರೆ ಅಂಗಳದ ಕಡೆಯದು 6 ಅಡಿಗೆ ಇಳಿಯಲಿ. ನಮ್ಮ ಮಲೆನಾಡಿನ ಮಳೆಗೆ ಇದಕ್ಕಿಂತ ಕಡಿಮೆ ಇಳಿಜಾರು ಸಾಲದೆಂಬುದು ನನ್ನ ಅಭಿಪ್ರಾಯ. ಇಳಿಜಾರಿನ ಉದ್ದಕ್ಕೂ ಮೂರು ಮೂರು ಅಡಿಗೊಂದು ಬಿದಿರಿನ ಗಳ ಕೊಟ್ಟು, ಗೆಣ್ಣುಗಳನ್ನು ಕತ್ತಿಯಿಂದ ಸವರಿ, ಮೇಲೆ ಹಳೆಯ ಗೋಣಿಯನ್ನು ಸುತ್ತಿ. ಗಾಳಿಗೆ ಅಲುಗಾಡುವ ತಾಡಪಾಲಿಗೆ ಒಂದು ಗೆಣ್ಣಿನ ಉಜ್ಜಾಟವೇ ತೂತು ಮಾಡಲು ಸಾಕು.

ಕಿತ್ತುಹೋದ ರಿಂಗಿನ ಚಿಂತೆ ಬೇಡ. ಗೋಲಿಗಿಂತ ತುಸು ದೊಡ್ಡದಾದ ನುಣುಪು ಹೊಳೆಗಲ್ಲೊಂದನ್ನು ಅಂಚಿನಿಂದ ಒಂದು ಗೇಣು ಒಳಗೆ ತಾಡಪಾಲಿನ ಅಡಿಯಲ್ಲಿಟ್ಟು, ಮೇಲಿನಿಂದ ಹಿಡಿದು ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದರೆ ತೂತಿಲ್ಲದೆಯೇ ಭದ್ರವಾದ ಕಟ್ಟು ಸಿಗುತ್ತದೆ. ನನಗೆ ಇದು ರಿಂಗಿಗಿಂತಲೂ ನೆಚ್ಚಿನದು. ಹಗ್ಗಕ್ಕೂ ಗೂಟಕ್ಕೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಸೇರಿಸಿದರೆ ಗಾಳಿ ಎತ್ತಿದಾಗ ರಬ್ಬರು ಹಿಗ್ಗಿ, ಆ ಜಗ್ಗಾಟ ಅಂಚಿಗೆ ತಟ್ಟುವುದಿಲ್ಲ. ನೈಲಾನ್ ಹಗ್ಗ ನೆನೆದಾಗ ಸಡಿಲಗೊಳ್ಳುವುದರಿಂದ ಮೊದಲ ಮಳೆಯ ನಂತರ ಮತ್ತೊಮ್ಮೆ ಬಿಗಿಯಲೇಬೇಕು. ಹೆಂಚಿನ ಮಾಡನ್ನು ಹೊರುವ ಪಕಾಸಿಗೆ (ಇಳಿಜಾರಾಗಿ ಕೂರಿಸಿದ ಮರದ ಪಟ್ಟಿಗೆ) ಮಾತ್ರ ದಯವಿಟ್ಟು ಹಗ್ಗ ಕಟ್ಟಬೇಡಿ, ಜಗಲಿಯ ಕಂಬಕ್ಕೇ ಕಟ್ಟಿ.

ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಮಗ್ಗುಲನ್ನು ತಗ್ಗಿಸಿ, ಎರಚಲು ತಡೆಯಲು ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಳ್ಳಿ. ತಟ್ಟಿಯ ಸಂದಿನಲ್ಲಿ ಗಾಳಿ ತುಸು ನುಸುಳಿಹೋಗುತ್ತದೆ, ಪ್ಲಾಸ್ಟಿಕ್ ಪರದೆಯಾದರೆ ಹಾಯಿಯಂತೆ ಉಬ್ಬಿ ಕಂಬವನ್ನೇ ಎಳೆಯುತ್ತದೆ. ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ ನಿಮ್ಮ ತಾಡಪಾಲಿನಿಂದ ಸುಮಾರು 1,600 ಲೀಟರ್ ನೀರು ಇಳಿಯುತ್ತದೆ. ಅದು ಗೂಟದ ಬುಡವನ್ನು ಕೊರೆಯದಂತೆ ಕೆಳ ಅಂಚಿನಡಿ ತಿರುಳು ತೆಗೆದ ಅಡಿಕೆ ದಬ್ಬೆಯನ್ನು (ಉದ್ದಕ್ಕೆ ಸೀಳಿದ ಅಡಿಕೆ ಮರವನ್ನು) ಇಟ್ಟು ತೋಟದ ಕಪ್ಪಿಗೆ, ಅಂದರೆ ನೀರು ಹರಿದುಹೋಗುವ ಕಾಲುವೆಗೆ, ಹರಿಸಿ.