ರಾಜನ ಮುಖ ಬಿಡಿ, ಅಂಚು ನೋಡಿ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ಗುಜರಿ ಅಂಗಡಿಯಲ್ಲಿ ಒಂದು ಬೆಳ್ಳಿ ಪದಕ ಸಿಕ್ಕಿತು. ಒಂದು ಬದಿ ಐದನೇ ಜಾರ್ಜ್, ಇನ್ನೊಂದು ಬದಿ ಕುದುರೆ ಸವಾರ, 1914, 1918. ಅಂಚಿನಲ್ಲಿ ಒಂದು ನಂಬರು, ‘ಎಸ್‌ಪಿಆರ್’, ಮುನಿಸಾಮಿ ಅಂತ ಓದಬಹುದಾದ ಹೆಸರು, ‘2 ಕ್ಯೂವಿಓ ಎಸ್ & ಎಂ’. ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿ ಮನೆಯವರನ್ನು ಹುಡುಕಲಾ?

ಉತ್ತರ: ಸ್ವಲ್ಪ ತಡೀರಿ. ಮೊದಲು, ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಇದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್, ಇಂಥ ಪದಕ ಲಕ್ಷಗಟ್ಟಲೆ ಹಂಚಿದ್ದಾರೆ. ನಿಮ್ಮದನ್ನು ಬೇರೆ ಮಾಡೋದು ಅಂಚಿನ ಅಕ್ಷರಗಳು ಮಾತ್ರ, ಉಜ್ಜಿದಷ್ಟೂ ಅವು ಸವೆಯುತ್ತವೆ. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ, ಬರಿಗಣ್ಣಿಗೆ ಕಾಣದ್ದೂ ಕಾಣುತ್ತದೆ.

ಎಸ್‌ಪಿಆರ್ ಅಂದರೆ ಸ್ಯಾಪರ್. ಸೇತುವೆ ಕಟ್ಟೋದು, ಕಂದಕ ತೋಡೋದು, ರಸ್ತೆ ಮಾಡೋದು ಇವರ ಕೆಲಸ. ಕೊನೆಯ ಅಕ್ಷರಗಳು ಎರಡನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಅಂದರೆ ನಮ್ಮ ಹಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್. ಹಾಗಂತ ಆತ ಬೆಂಗಳೂರಿನವನೇ ಅಂತ ತೀರ್ಮಾನ ಮಾಡಬೇಡಿ. ಆಗಿನ ಮದ್ರಾಸ್ ಪ್ರಾಂತ್ಯದ ತಮಿಳರು, ತೆಲುಗರು ಎಲ್ಲರೂ ಇಲ್ಲಿಗೇ ಬಂದು ಸೇರುತ್ತಿದ್ದರು. ಮುನಿಸಾಮಿ ಅನ್ನೋ ಹೆಸರಂತೂ ಊರಿಗೆ ನಾಲ್ಕು. ನಂಬರೂ ಒಂಟಿಯಾಗಿ ಸಾಲದು. ಆಗ ಒಂದೊಂದು ರೆಜಿಮೆಂಟಿಗೂ ಬೇರೆ ಬೇರೆ ನಂಬರಿನ ಸಾಲು ಇದ್ದದ್ದರಿಂದ ಅದೇ ನಂಬರಿನವನು ಇನ್ನೊಂದು ಪಲ್ಟನ್ನಿನಲ್ಲೂ ಇರಬಹುದು. ನಂಬರು, ಹೆಸರು, ಪಲ್ಟನ್ ಮೂರೂ ಕೂಡಿದರೇ ಮನುಷ್ಯ ಸಿಗೋದು.

ಅಂದ ಹಾಗೆ, ನಿಮ್ಮದು ಬೆಳ್ಳಿಯದು. ಸೇನೆಯ ಜೊತೆ ಹೋದ ಕೂಲಿಯವರಿಗೆ, ಅಡುಗೆಯವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟಿದ್ದರು. ಸಮುದ್ರ ದಾಟಿದ್ದು ಅವರೂ ಅಲ್ವಾ!

ಮೂರೂ ಕೈಗೆ ಬಂದ ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಹುಡುಕಿ, ಅದು ಉಚಿತ. ಅದರಲ್ಲಿ ಯುದ್ಧದಲ್ಲಿ ಸತ್ತವರಷ್ಟೇ ಇದ್ದಾರೆ, ಕೆಲವರಿಗೆ ತಂದೆಯ ಹೆಸರು, ಹಳ್ಳಿ ಸಹ ಇದೆ. ಅಲ್ಲಿ ಸಿಗದಿದ್ದರೆ ಬಹುಶಃ ಬದುಕಿ ಮನೆಗೆ ಬಂದಿದ್ದಾನೆ. ಖುಷಿಯ ವಿಷಯವೇ, ಆದರೆ ಹುಡುಕೋರಿಗೆ ಕಷ್ಟ ಜಾಸ್ತಿ. ಆಗ ಹಲಸೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್‌ನ ಈಗಿನ ಹೆಸರು) ಕೇಂದ್ರಕ್ಕೆ ಪತ್ರ ಬರೆಯಿರಿ.

ಫೇಸ್‌ಬುಕ್ ಕೊನೆಗೆ. ಹಾಕಿದರೂ ಹೆಸರು, ಪಲ್ಟನ್ ಮಾತ್ರ ಹೇಳಿ. ನಂಬರು ಹೇಳಬೇಡಿ, ಅಂಚಿನ ಫೋಟೋ ಬೇಡವೇ ಬೇಡ. ಬೆಳ್ಳಿ ಅಂದಮೇಲೆ ಮೊಮ್ಮಕ್ಕಳು ಸುಮ್ನೆ ಹುಟ್ಟಿಕೊಳ್ಳುತ್ತಾರೆ. ನಿಜವಾದ ಮನೆಯಲ್ಲಿ ಹಳೇ ಡಿಸ್ಚಾರ್ಜ್ ಕಾಗದವೋ ಜೊತೆಯ ಇನ್ನೊಂದು ಪದಕವೋ ಇದ್ದರೆ ನಂಬರನ್ನು ಅವರೇ ಹೇಳುತ್ತಾರೆ. ಇನ್ನೊಂದು ಮಾತು: ಕಷ್ಟಕಾಲದಲ್ಲಿ ಮನೆಯವರೇ ಇದನ್ನು ಬೆಳ್ಳಿಯ ತೂಕಕ್ಕೆ ಮಾರಿರಲೂಬಹುದು. ಹಾಗಾಗಿ ಬಾಗಿಲು ತಟ್ಟುವ ಮೊದಲು ‘ನಿಮಗೆ ಇದು ಬೇಕಾ’ ಅಂತ ಒಂದು ಕಾಗದ ಹಾಕಿ ಕೇಳಿ.