ಓದುಗರ ಪ್ರಶ್ನೆ: ತಿರುಚಿದ ಗ್ರಾಫೀನ್

ಪ್ರಶ್ನೆ: ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯಾದ ಗ್ರಾಫೀನ್‌ನ ಎರಡು ಪದರಗಳನ್ನು 1.1 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟರೆ ಅತಿವಾಹಕವಾಗುತ್ತದಂತೆ, ಅಂದರೆ ರೋಧವಿಲ್ಲದೆ ವಿದ್ಯುತ್ ಹರಿಯುತ್ತದಂತೆ. 5 ಡಿಗ್ರಿ ತಿರುಗಿಸಿದರೆ ಯಾಕಾಗದು?

ಉತ್ತರ: ತಿರುಗಿದ ಎರಡು ಜಾಲರಿಗಳು ಸೇರಿ ಮೋಯ್ರೆ ಎಂಬ ದೊಡ್ಡ ವಿನ್ಯಾಸ ಮೂಡುತ್ತದೆ. ಗ್ರಾಫೀನ್ ಜಾಲರಿಯ ಅಂತರವಾದ 0.246 ನ್ಯಾನೊಮೀಟರನ್ನು ರೇಡಿಯನ್‌ನಲ್ಲಿರುವ ಕೋನದಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ: 5 ಡಿಗ್ರಿಗೆ 2.8, 1.1 ಡಿಗ್ರಿಗೆ 12.8 ನ್ಯಾನೊಮೀಟರ್. ದೊಡ್ಡ ಕೋನದಲ್ಲಿ ಎರಡು ಪದರಗಳ ಎಲೆಕ್ಟ್ರಾನುಗಳು ಬಹುಮಟ್ಟಿಗೆ ತಮ್ಮ ಪಾಡಿಗೆ ತಾವಿರುತ್ತವೆ. 1.1ರ ಆಸುಪಾಸಿನಲ್ಲಿ ಪದರಗಳ ನಡುವೆ ಎಲೆಕ್ಟ್ರಾನುಗಳ ದಾಟುವಿಕೆ ಬಲವಾಗಿ, ಅವುಗಳ ವೇಗ ಶೂನ್ಯದತ್ತ ಇಳಿದು, ಅವುಗಳಿಗೆ ಸಿಗುವ ಶಕ್ತಿಗಳ ಹರವು, ಅಂದರೆ ಶಕ್ತಿಪಟ್ಟಿ, ಚಪ್ಪಟೆಯಾಗುತ್ತದೆ. ಭೌತವಿಜ್ಞಾನಿಗಳಾದ ಬಿಸ್ಟ್ರಿಟ್ಜರ್ ಮತ್ತು ಮ್ಯಾಕ್‌ಡೊನಾಲ್ಡ್ 2011ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಪಟ್ಟಿಯ ಅಗಲ ಸುಮಾರು 10 ಮಿಲಿ ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆ ಅದರ ದುಪ್ಪಟ್ಟಿನಷ್ಟು. ಓಡಾಟದ ಶಕ್ತಿಯನ್ನು ವಿಕರ್ಷಣೆ ಮೀರಿದ ಮೇಲೆ ಒಂದೊಂದು ಎಲೆಕ್ಟ್ರಾನನ್ನೂ ಬಿಡಿಯಾಗಿ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಅಮೆರಿಕದ ಎಂಐಟಿಯ ಪಾಬ್ಲೊ ಹಾರಿಯೊ-ಎರೆರೊ ತಂಡ 2018ರಲ್ಲಿ 1.7 ಕೆಲ್ವಿನ್‌ವರೆಗೆ ಅತಿವಾಹಕತೆ ಕಂಡಿತು. ಅತಿವಾಹಕತೆಗೆ ಕಾರಣವಾಗುವ ಎಲೆಕ್ಟ್ರಾನ್ ಜೋಡಿಗಳನ್ನು ಬೆಸೆಯುವುದು ಏನೆಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಪ್ರಶ್ನೆ: ಮಾದರಿ ಜೋಡಿಸುವಾಗ 1.1ಕ್ಕೇ ತಿರುಗಿಸಿದ್ದರೂ ಅಳೆದಾಗ 0.9 ಬರುತ್ತದೆ. ತಪ್ಪೆಲ್ಲಿ?

ಉತ್ತರ: ತಿರುಗುಮಣೆಯಲ್ಲಿ ತಪ್ಪಿಲ್ಲದಿರಬಹುದು. ಪದರಗಳು ತಮ್ಮ ಸಹಜ ಜೋಡಣೆಗೆ ಮರಳಲು ಹವಣಿಸುತ್ತವೆ. ಬಿಸಿ ತಾಗಿದರೆ ಇನ್ನೂ ಬೇಗ ಜಾರುತ್ತವೆ. ಅದಕ್ಕೇ ಅನುಭವಸ್ಥರು 1.2ರ ಹತ್ತಿರ ಇಟ್ಟು ಶುರು ಮಾಡುತ್ತಾರೆ, ಜೋಡಿಸಿದ ಮೇಲೆ ಹೆಚ್ಚು ಕಾಯಿಸುವುದಿಲ್ಲ. ಬೋರಾನ್ ನೈಟ್ರೈಡ್ ಎಂಬ ನಿರೋಧಕ ಹರಳಿನ ತೆಳು ಹಾಳೆಯಿಂದ ಗ್ರಾಫೀನ್‌ನ ಅರ್ಧವನ್ನು ಎತ್ತಿ ಹರಿಯುವಾಗ ಅಂಚು ಎಳೆದಾಡಿ ಬಿಗಿತ ಉಳಿಯುತ್ತದೆ. ಮೊದಲೇ ಲೇಸರಿನಿಂದ ಅಥವಾ ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕ) ಸೂಜಿಯಿಂದ ಸೀಳಿಕೊಳ್ಳುವುದು ವಾಸಿ.

ಕೋನವನ್ನು ಗೇಟ್ ವೋಲ್ಟೇಜ್‌ನಿಂದಲೇ, ಅಂದರೆ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡುವ ವೋಲ್ಟೇಜ್‌ನಿಂದಲೇ ಅಳೆಯಿರಿ. ಪ್ರತಿ ಮೋಯ್ರೆ ಕೋಶಕ್ಕೆ 4 ಎಲೆಕ್ಟ್ರಾನ್ ತುಂಬಿದಾಗ ರೋಧ ಜೋರಾಗಿ ಏರುತ್ತದೆ; 1.1 ಡಿಗ್ರಿಗೆ ಆ ಸಾಂದ್ರತೆ ಚದರ ಸೆಂಟಿಮೀಟರಿಗೆ ಸುಮಾರು 2.8 ಲಕ್ಷ ಕೋಟಿ ಎಲೆಕ್ಟ್ರಾನ್, 0.9ಕ್ಕೆ 1.9 ಲಕ್ಷ ಕೋಟಿ. ಸಾಂದ್ರತೆ ಕೋನದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಎಲ್ಲ ಸಂಪರ್ಕ ಜೋಡಿಗಳಲ್ಲೂ ನೋಡಿ. ಒಂದೊಂದರಲ್ಲಿ ಒಂದೊಂದು ಕೋನ ಬಂದರೆ ಮಾದರಿಯೊಳಗೇ ತಿರುವು ಬದಲಾಗುತ್ತಿದೆ ಎಂದರ್ಥ. ಗಾಳಿಗುಳ್ಳೆಯಿಲ್ಲದ ಜಾಗ ಆರಿಸಿ ಬೇರೆ ಸಾಧನ ಕೆತ್ತುವುದೇ ದಾರಿ.

ಪ್ರಶ್ನೆ: ರೋಧ ಸೊನ್ನೆಯಾದರೆ ಅತಿವಾಹಕ ಎನ್ನಬಹುದೇ?

ಉತ್ತರ: ಸಾಲದು. ಎರಡು ತುದಿಯಲ್ಲಿ ಪ್ರವಾಹ ಹರಿಸಿ ಬೇರೆ ಎರಡರಲ್ಲಿ ವೋಲ್ಟೇಜ್ ನೋಡುವ ನಾಲ್ಕು ತುದಿಯ ಅಳತೆಯಲ್ಲೂ ಒಂದು ಸಂಪರ್ಕ ಕೆಟ್ಟಿದ್ದರೆ ಸೊನ್ನೆ, ಕೆಲವೊಮ್ಮೆ ಋಣ ಸಂಖ್ಯೆಯೂ ಬರುತ್ತದೆ. ವಿದ್ಯುತ್ ಪ್ರವಾಹ ಒಂದು ಮಿತಿ ದಾಟಿದೊಡನೆ ವೋಲ್ಟೇಜ್ ಏಳಬೇಕು, ಕಾಂತಕ್ಷೇತ್ರ ಹಾಕಿದರೆ ರೋಧ ಮರಳಬೇಕು. ಅಳೆಯುವ ಪ್ರವಾಹ 10 ನ್ಯಾನೊಆಂಪಿಯರ್ ಒಳಗಿರಲಿ. ತಂತಿಗಳಿಗೆ ಫಿಲ್ಟರ್ ಇಲ್ಲದಿದ್ದರೆ ತಂಪುಯಂತ್ರ 50 ಮಿಲಿಕೆಲ್ವಿನ್ ತೋರಿಸುತ್ತಿದ್ದರೂ ಎಲೆಕ್ಟ್ರಾನುಗಳು ಅದಕ್ಕಿಂತ ಬಿಸಿಯಾಗಿಯೇ ಉಳಿದಿರುತ್ತವೆ.